ಬದುವಿನ ಮೇಲಿನ ಮೂರು ಹೆಸರು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆಯಿಲ್ಲದ ಹಾಳೆಯಾದರೆ ಸಾಲು ಕೆಳಗೆ ಕೆಳಗೆ ಇಳಿದುಹೋಗುತ್ತದೆ. ಒಂಬತ್ತನೆಯ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು, ಮಾತೂ ಸಾಲದು. ತಪ್ಪಿದಲ್ಲಿ ಓದುವವರು ತಿದ್ದಿಕೊಂಡು ಕ್ಷಮಿಸಬೇಕು. ನಾನು ಕಣ್ಣಾರೆ ಕಾಣದ್ದನ್ನು ಸಿದ್ದಲಿಂಗವ್ವನನ್ನೇ ಎರಡೆರಡು ಸಲ ಕೇಳಿ ಬರೆದಿದ್ದೇನೆ. ಅವಳ ಬಗ್ಗೆ ಊರಲ್ಲಿ ಬೇರೆ ಬೇರೆ ಮಾತು ನಡೆದಿವೆ. ನಿಜವಾಗಿ ನಡೆದದ್ದು ಇಷ್ಟು.

ಹುನಗುಂದದಿಂದ ಇಳಕಲ್ಲಿಗೆ ಹೋಗುವಾಗ ಹೆದ್ದಾರಿಯಿಂದ ಎಡಕ್ಕೆ ಒಂದು ಮಣ್ಣಿನ ದಾರಿ ಹೊರಳುತ್ತದೆ. ಆ ದಾರಿ ಹಿಡಿದು ಮುಕ್ಕಾಲು ಮೈಲಿ ನಡೆದರೆ ಸಿದ್ದಲಿಂಗವ್ವನ ಊರು, ನನ್ನದೂ ಅದೇ. ಊರು ಮುಟ್ಟುವ ಮೊದಲೇ ಅವಳ ಪಾಲಿಗೆ ಬಂದ ಎರಡು ಎಕರೆ ಎರೆಹೊಲ, ಹೊಲದ ಬದುವಿನ ಮೇಲೆ ಒಂದು ಬನ್ನಿಮರ. ಸಿದ್ದಲಿಂಗವ್ವನಿಗೆ ಈಗ ಐವತ್ತೆರಡು. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದು, ತಮ್ಮ ಶಿವಪ್ರಕಾಶನ ಮನೆಯ ಹಿಂದಿನ ಖೋಲಿಯಲ್ಲಿ ಬೇರೆ ಒಲೆ ಹೂಡಿದಳು. ಇಪ್ಪತ್ತು ವರ್ಷದಿಂದ ಇಳಕಲ್ಲಿನ ಆಚೆ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಅವಳ ಕೆಲಸ. ಪಾಲಿಶ್ ಆದ ಕೆಂಪು ಹಲಗೆಗಳ ಮೇಲಿನ ಕೆಸರು ತೊಳೆಯುವುದು, ಒರೆಸುವುದು, ಬಿರುಕಿದೆಯೇ ಎಂದು ಬೆರಳಾಡಿಸಿ ನೋಡುವುದು. ಕಣ್ಣಿಗೆ ಕಾಣದ ಬಿರುಕು ಅವಳ ಬೆರಳಿಗೆ ಸಿಗುತ್ತದೆ ಎಂದು ಅಲ್ಲಿಯ ಸೂಪರ್‌ವೈಜರ್ ಹೇಳುತ್ತಾನೆ. ಅವಳೇನೂ ಹೇಳುವುದಿಲ್ಲ. ಅವಳಿಗೆ ಮಾತು ಬರುತ್ತದೋ ಇಲ್ಲವೋ ಎಂದು ಹೊಸದಾಗಿ ಬಂದ ಸೊಸೆಯಂದಿರು ಕೇಳುವುದುಂಟು.

ಅವಳು ಮಾತಾಡುತ್ತಿದ್ದದ್ದು ತನ್ನ ನಾಯಿಗಳ ಜೊತೆ.

ಮೊದಲನೆಯವನು ಕಾಳ್ಯಾ. ಫ್ಯಾಕ್ಟರಿಯ ಹಿಂದೆ ಕಲ್ಲಿನ ಚೂರುಗಳ ರಾಶಿಯಲ್ಲಿ ಸಿಕ್ಕ ಕರಿ ಮರಿ. ಊಟದ ಡಬ್ಬಿಯ ಚೀಲದಲ್ಲಿ ಕೂಡಿಸಿಕೊಂಡು ಬಸ್ಸಿನಲ್ಲಿ ತಂದಳು. ದೊಡ್ಡವನಾದ ಮೇಲೆ ಬೆಳಗ್ಗೆ ಹೆದ್ದಾರಿಯತನಕ ಅವಳನ್ನು ಕಳಿಸಿ ಬರುತ್ತಿದ್ದ. ಸಂಜೆ ಅವಳ ಬಸ್ಸು ಬರುವ ಹೊತ್ತಿಗೆ ಮತ್ತೆ ಅಲ್ಲಿ ನಿಂತಿರುತ್ತಿದ್ದ. ಬಸ್ಸು ತಡವಾದರೆ ಬೇರೆ ಬಸ್ಸುಗಳ ಮೇಲೆ ಬೊಗಳುತ್ತಿದ್ದ, ಇವಳ ಬಸ್ಸು ಬಂದರೆ ಮಾತ್ರ ಸುಮ್ಮನಾಗುತ್ತಿದ್ದ. ಕಂಡಕ್ಟರರು ಆ ಜಾಗಕ್ಕೆ ಕಾಳ್ಯಾನ ಸ್ಟಾಪ್ ಎಂದೇ ಕರೆಯತೊಡಗಿದ್ದರು.

ಎರಡನೆಯವಳು ಕೆಂಪಿ. ಕಳ್ಳಿ. ಯಾರ ಮನೆಯಲ್ಲಿ ಯಾವ ಹೊತ್ತಿಗೆ ರೊಟ್ಟಿಬುಟ್ಟಿಯ ಮೇಲಿನ ಬಟ್ಟೆ ಸರಿದಿರುತ್ತದೆ ಎಂಬುದು ಅವಳಿಗೆ ಬಾಯಿಪಾಠವಿತ್ತು. ಒಮ್ಮೆ ಪಕ್ಕದ ಹೊಲದ ಅಮಾತೆಪ್ಪನ ಬುತ್ತಿಗೆ ಬಾಯಿ ಹಾಕಿದಾಗ ಅವನು ಒಗೆದ ಕಲ್ಲಿಗೆ ಹಿಂಗಾಲು ಮುರಿಯಿತು. ಸಿದ್ದಲಿಂಗವ್ವ ಅವಳನ್ನು ಹೆಗಲ ಮೇಲೆ ಹೊತ್ತು ಹುನಗುಂದದ ದನದ ದವಾಖಾನೆಗೆ ಹೋದಳು. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ, ಒಂದು ಟಂಟಂ ಆಟೋ ಸಿಕ್ಕಿತು. ಆಮೇಲೆ ಕೆಂಪಿ ಮೂರೇ ಕಾಲಿನಲ್ಲಿ ಕದ್ದಳು. ಮೊದಲಿಗಿಂತ ಚುರುಕಾಗಿಯೇ.

ಮೂರನೆಯವನು ಹಂಡ್ಯಾ. ಬಿಳಿ ಮೈ ಮೇಲೆ ಮಣ್ಣು ಎರಚಿದ ಹಾಗೆ ಮಚ್ಚೆ. ಮಹಾ ಅಂಜುಬುರುಕ. ದೀಪಾವಳಿಯ ಮೂರು ದಿನ ಸಿದ್ದಲಿಂಗವ್ವನ ಹೊರಸಿನ ಕೆಳಗೇ ಇರುತ್ತಿದ್ದ, ಹೊರಗೆ ಬರಬೇಕಾದರೆ ಅವಳು ಮುಂದೆ ನಡೆಯಬೇಕು.

ಕಾಳ್ಯಾ ಮುಪ್ಪಿನಿಂದ ಹೋದ. ಕೆಂಪಿಯನ್ನು ಹೆದ್ದಾರಿಯಲ್ಲಿ ಲಾರಿ ಹೊಡೆಯಿತು. ಹಂಡ್ಯಾನಿಗೆ ಹೋದ ಶ್ರಾವಣದಲ್ಲಿ ಏನೋ ಜ್ವರ ಬಂದು ಐದು ದಿನ ನೀರು ಮುಟ್ಟಲಿಲ್ಲ. ಮೂರನ್ನೂ ಅವಳೇ ಬನ್ನಿಮರದ ಕೆಳಗೆ ಬದುವಿನಲ್ಲಿ ತಗ್ಗು ತೋಡಿ ಹೂತಳು. ನಮ್ಮಲ್ಲಿ ಮನುಷ್ಯರನ್ನು ಮಣ್ಣಿಗೆ ಕೊಡುವಾಗ ಹಾಕುವ ಹಾಗೆ ಉಪ್ಪು ಹಾಕಿದಳು. ವಿಭೂತಿ ಹಚ್ಚಲಿಲ್ಲ, ಅದರ ಹಂಗು ಅವಕ್ಕೆ ಯಾಕೆ ಎಂದುಕೊಂಡಳಂತೆ. ಒಂದೊಂದು ರೊಟ್ಟಿ ಇಟ್ಟಳು. ಕೆಂಪಿಗೆ ಎರಡು.

ಹಂಡ್ಯಾ ಹೋದ ಮೇಲೆ ಅವಳ ಖೋಲಿ ಖಾಲಿಯಾಯಿತು. ಒಂದು ದಿನ ಫ್ಯಾಕ್ಟರಿಯಲ್ಲಿ ಹಲಗೆಗಳ ಅಂಚು ಕತ್ತರಿಸಿ ಬಿಸಾಕಿದ ತುಂಡುಗಳಲ್ಲಿ ಮೊಳಕ್ಕಿಂತ ತುಸು ಉದ್ದದ ಮೂರನ್ನು ಆರಿಸಿ, ಸೂಪರ್‌ವೈಜರನನ್ನು ಕೇಳಿ ಪಡೆದಳು. ಅವನ್ನು ಇಳಕಲ್ಲಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವ ಮುಜಮ್ಮಿಲನ ಅಂಗಡಿಗೆ ಸಾಗಿಸಿದಳು.

ಮುಜಮ್ಮಿಲ ಮೊದಲ ಕಲ್ಲನ್ನು ಮುಂದಿಟ್ಟುಕೊಂಡು, “ಏನ್ ಹೆಸರ ಬರೀಬೇಕ್ರಿ ಅಕ್ಕಾರ?” ಎಂದು ಕೇಳಿದ.

“ಕಾಳ್ಯಾ.”

“ಕಾಳಪ್ಪ ಅಂತ ಬರೀಲೇನ್ರಿ? ಕಲ್ಲಿನ ಮ್ಯಾಲೆ ಪೂರ್ತಿ ಹೆಸರಿದ್ರ ಚಂದ.”

“ಪೂರ್ತಿ ಹೆಸರ ಅದ.”

“ಮ್ಯಾಲೆ ಲಿಂಗೈಕ್ಯ ಅಂತ ಹಾಕೂದೈತೇನ್ರಿ?”

“ಬ್ಯಾಡ. ನಾಯಿ ಅದು.”

ಅವನು ಮಷಿನ್ ಬಂದ್ ಮಾಡಿ ಅವಳ ಮುಖ ನೋಡಿದ. ನಗುತ್ತಾನೆ ಎಂದು ಅವಳು ನೆಲ ನೋಡುತ್ತ ನಿಂತಳು. ಅವನು ನಗಲಿಲ್ಲ.

“ಇಪ್ಪತ್ತೈದ ವರ್ಷ ಆತ್ರಿ ಅಕ್ಷರ ಕೆತ್ತಾಕ ಹತ್ತಿ. ಗುದ್ದಲಿಪೂಜಿ ಕಲ್ಲ ಎಷ್ಟ್ ಕೆತ್ತೀನಿ, ಲೆಕ್ಕಿಲ್ಲ. ಕಲ್ಲ ಅದಾವ, ರೋಡ ಇನ್ನೂ ಆಗಿಲ್ಲ. ಇದೊಂದಾದ್ರೂ ಖರೇ ಕಲ್ಲ ಆಗ್ಲಿ ಬಿಡ್ರಿ. ಹುಟ್ಟಿದ ತಾರೀಖ?”

“ಯಾರಿಗೆ ಗೊತ್ತೋ ತಮ್ಮಾ.”

“ಹೆಸರಿನ ಬಾಜೂಕ ಒಂದ್ ಬಾಲ ತಗೀಲೇನು?”

ಇಪ್ಪತ್ತು ವರ್ಷ ಇಳಕಲ್ಲಿಗೆ ಬಂದುಹೋದರೂ ಸಿದ್ದಲಿಂಗವ್ವ ಅಲ್ಲಿ ಬಾಯಿಬಿಟ್ಟು ನಕ್ಕದ್ದು ಅಂದೇ ಇರಬೇಕು. ಬಾಲ ಬೇಡ ಎಂದಳು.

ದಸರೆ ಮುಗಿದ ಮೇಲಿನ ಒಂದು ಸೋಮವಾರ, ಅವಳ ವಾರದ ರಜೆಯ ದಿನ, ಮೂರು ಕಲ್ಲನ್ನೂ ಬದುವಿನ ಮೇಲೆ ನಿಲ್ಲಿಸಿದಳು. ನುಣುಪಾದ, ಹೆಸರಿರುವ ಮುಖ ಹೊಲದ ಕಡೆಗೆ. ಕಳೆ ತೆಗೆದು ದಣಿದು ನೆರಳಿಗೆ ಬಂದು ಬುತ್ತಿ ಬಿಚ್ಚಿದರೆ ಎದುರಿಗೇ ಕಾಣಬೇಕು. ದಾರಿಯ ಕಡೆಗೆ ಕಲ್ಲಿನ ಒರಟು ಬೆನ್ನು. ಬೇರೆಯವರು ಓದಲಿ ಎಂದು ಅವಳು ಬರೆಸಿರಲಿಲ್ಲ. ಅದೇ ಎಡವಟ್ಟಾಯಿತು.

ಎಳ್ಳಮಾಸೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬದುವಿನಲ್ಲಿ ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಸಜ್ಜೆಯ ಕಡುಬು, ಎಣಗಾಯಿ, ಬಾನ ಎಡೆ ಮಾಡಿ, ಅದನ್ನೇ ಪೈರಿನ ನಡುವೆ ಚರಗವೆಂದು ಚೆಲ್ಲುತ್ತಾರೆ. ಅಂದು ಸಿದ್ದಲಿಂಗವ್ವನಿಗೆ ಡ್ಯೂಟಿ ಇತ್ತು. ಅಮಾತೆಪ್ಪನ ಹೆಂಡತಿ ಶಿವಬಸವ್ವ, ಹುನಗುಂದದಿಂದ ಬಂದ ಬೀಗರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ತಮ್ಮ ಹೊಲಕ್ಕೆ ಹೊರಟಿದ್ದಳು. ಬನ್ನಿಮರದ ಕೆಳಗೆ ಮೂರು ಕೆಂಪು ಕಲ್ಲು ಸಾಲಾಗಿ ನಿಂತದ್ದು ಕಂಡಿತು. ಸಿದ್ದಲಿಂಗವ್ವ ಪಾಪ ಒಬ್ಬಾಕೆ, ಪೂಜೆಗೆ ಕಲ್ಲಿಟ್ಟು ಬಿಟ್ಟು ಹೋಗಿದ್ದಾಳೆ, ದೇವರು ಉಪವಾಸ ಕೂತಿವೆ ಎಂದು ಟ್ರ್ಯಾಕ್ಟರ್ ನಿಲ್ಲಿಸಿದಳು. ಒಳ್ಳೆಯ ಮನಸ್ಸಿನಿಂದಲೇ ವಿಭೂತಿ ಬಳಿದು, ಕುಂಕುಮ ಹಚ್ಚಿ, ಎಡೆ ಹಿಡಿದಳು.

ಮುಂದಿನ ಮಂಗಳವಾರ ಹುನಗುಂದದ ಕೋರ್ಟಿನಲ್ಲಿ ಅಮಾತೆಪ್ಪನ ಹನ್ನೊಂದು ವರ್ಷದ ಹೊಲದ ಗಡಿಯ ತಕರಾರು ಅವನ ಪರವಾಗಿಯೇ ಮುಗಿಯಿತು.

ಶಿವಬಸವ್ವ ಕಾಯಿ ತಂದು ಒಡೆದಳು. ಅವಳ ತಂಗಿ ಬಂದಳು, ತಂಗಿಯ ನೆಗೆಣ್ಣಿ ಬಂದಳು. ಯಾರದೋ ಎಮ್ಮೆ ಗಬ್ಬವಾಯಿತು. ಯಾರದೋ ಮಗನಿಗೆ ಬಾಗಲಕೋಟೆಯಲ್ಲಿ ನೌಕರಿಯ ಆರ್ಡರ್ ಬಂತು. ಮೂರ್ಕಲ್ಲವ್ವ ಎಂಬ ಹೆಸರು ಹುಟ್ಟಿತು. ಬನ್ನಿಮರಕ್ಕೆ ಹಸಿರು ಬಳೆ ಕಟ್ಟಿದರು, ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದರು. ಶಿವಪ್ರಕಾಶನಿಗೆ ಎಲ್ಲ ಗೊತ್ತಿತ್ತು. ನಾಯಿ ಹೂತ ಜಾಗ ಎಂದು ಅವನು ಮೊದಲ ದಿನವೇ ಹೇಳಬಹುದಿತ್ತು. ಆದರೆ ಇಷ್ಟು ದಿನ ಮೂಲೆಯಲ್ಲಿ ನಿಲ್ಲುತ್ತಿದ್ದವನನ್ನು ದೇವರಿರುವ ಹೊಲದ ಮನೆಯವನೆಂದು ಊರಿನ ಹಿರಿಯರು ಕರೆದು, ಬಾಜೂಕೆ ಕೂಡಿಸಿಕೊಂಡು ಚಹಾ ಕೊಡತೊಡಗಿದ್ದರು. ಅವನು ಊರಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಸಿದ್ದಲಿಂಗವ್ವನಿಗೆ ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರ್ ಬಂದು ಮೂರು ವಾರ ರಜೆಯಿರಲಿಲ್ಲ. ಚಳಿಗಾಲ, ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಒಂದೆರಡು ಸಲ ಮರದ ಕೆಳಗೆ ದೀಪ ಕಂಡಿತ್ತು, ಜೋಳ ಕಾಯುವವರು ಎಂದುಕೊಂಡಿದ್ದಳು. ನಾಲ್ಕನೆಯ ವಾರ ರಜೆ ಸಿಕ್ಕಿ ಹೊಲಕ್ಕೆ ಹೋದರೆ ಬದುವಿನ ತುಂಬ ಹೆಂಗಸರು. ಗುರುತಿಲ್ಲದ ಒಬ್ಬಾಕೆ ಅವಳನ್ನು ತಡೆದು, “ಚಪ್ಪಲಿ ಬಿಟ್ಟ ಬರ್ರಿ ಯವ್ವಾ, ದೇವ್ರ ಜಾಗ,” ಎಂದಳು.

ತನ್ನ ಹೊಲದಲ್ಲಿ ತಾನೇ ಚಪ್ಪಲಿ ಬಿಟ್ಟು, ಸಿದ್ದಲಿಂಗವ್ವ ಮುಂದೆ ಹೋಗಿ ನೋಡಿದಳು. ಎಣ್ಣೆ, ಅರಿಷಿಣ, ವಿಭೂತಿ ಕಲ್ಲಿನ ಎರಡೂ ಕಡೆಗೆ ಬೆರಳಷ್ಟು ದಪ್ಪ ಕೂತಿತ್ತು. ಹೆಸರಿದ್ದ ಕಡೆಯೂ ಒಂದಕ್ಷರ ಕಾಣುತ್ತಿರಲಿಲ್ಲ. ಅವಳು ಸೆರಗಿನ ತುದಿ ನೀರಲ್ಲಿ ಅದ್ದಿ, ಫ್ಯಾಕ್ಟರಿಯಲ್ಲಿ ಹಲಗೆ ಒರೆಸುವ ಹಾಗೆಯೇ ಮೇಲಿನಿಂದ ಕೆಳಕ್ಕೆ ಒರೆಸತೊಡಗಿದಳು.

“ಏನ್ ಮಾಡಾಕತ್ತೀ? ಪೂಜಿ ಅಳಸ್ತಾರೇನು?” ಶಿವಬಸವ್ವ ಓಡಿ ಬಂದಳು.

“ಓದ್ರಿ ಚಿಗವ್ವ.”

“ನನಗೆಲ್ಲಿ ಓದಾಕ ಬರ್ತೈತಿ.”

“ಕಾಳ್ಯಾ ಅಂತ ಐತಿ. ಇದು ಕೆಂಪಿ. ಇದು ಹಂಡ್ಯಾ. ನನ್ನ ನಾಯಿ ಇವು. ಇಲ್ಲೇ ಮಣ್ಣ ಮಾಡೀನಿ.”

ಚಪ್ಪಲಿ ಬಿಡಿಸಿದ್ದ ಹೆಂಗಸು ಕೈಯಲ್ಲಿದ್ದ ಕಾಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದಳು.

“ಹಂಗ ಅನಬ್ಯಾಡ ಯವ್ವಾ, ಬಾಯಿ ಬಿದ್ದೀತು,” ಎಂದಳು ಶಿವಬಸವ್ವ. ಸ್ವಲ್ಪ ಹೊತ್ತಿಗೆ ಅವಳ ಮುಖ ಕೆಂಪಾಯಿತು. “ನಾಯಿ ಗೋರಿಗೆ ನಮ್ಮ ಕೈಲೆ ಎಡಿ ಹಿಡಿಸಿದ್ಯಲ್ಲ. ಊರಾಗ ಹೆಂಗ ತಲಿ ಎತ್ತೂದು ನಾವು?”

ಅದೇ ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಸಿದ್ದಲಿಂಗವ್ವನನ್ನು ಕರೆಸಿದರು. ಅವಳು ಕಂಬಕ್ಕೆ ಆತು ನಿಂತಳು, ಶಿವಪ್ರಕಾಶ ಅವಳಿಂದ ನಾಲ್ಕು ಮಾರು ದೂರ ನಿಂತ. ಮಾತು ತೆಗೆದವನು ಅಮಾತೆಪ್ಪನೇ. ಅವನು ಸಿಟ್ಟಿನಲ್ಲಿರಲಿಲ್ಲ. ಉಪಾಯ ಮಾಡಿಕೊಂಡು ಬಂದಿದ್ದ.

“ನೋಡ ತಂಗಿ, ಆಗಿದ್ದ ಆತು. ಇಲ್ಲಿ ಇದ್ದವರ್ನ, ಬದುವಿನ ಮ್ಯಾಲಿದ್ದ ಹೆಂಗಸರ್ನ ಬಿಟ್ಟ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ. ನೀ ಸುಳ್ಳ ಹೇಳೂದು ಬ್ಯಾಡ, ಸುಮ್ಕ ಇದ್ರ ಸಾಕು. ಆ ಹೆಸರಿನ ಮ್ಯಾಲೆ ಸಿಮೆಂಟ ಬಳೀತೀವಿ. ನಾನ ಮುಂದ ನಿಂತ ಕಟ್ಟಿ ಕಟ್ಟಸ್ತೀನಿ. ನಿನ್ನ ನಾಯಿ ಮ್ಯಾಲೆ ಗುಡಿ ಬರ್ತೈತಿ ಅಂದ್ರ ಅದಕ್ಕಿಂತ ಇನ್ನೇನ ಬೇಕು ನಿನಗ?”

“ಇಲ್ಲಂದ್ರ?” ಎಂದಳು ಅವಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

“ಇಲ್ಲಂದ್ರ ಕಲ್ಲ ಕಿತ್ತ ಒಗೀಬೇಕು. ನಾಯಿ ಕಲ್ಲಿಗೆ ಕೈ ಮುಗದ ಊರು ಅಂತ ಇಳಕಲ್ ಸಂತ್ಯಾಗ ಮಂದಿ ನಗಬಾರ್ದು.”

ಶಿವಪ್ರಕಾಶ ಹತ್ತಿರ ಬಂದು, “ಹೂಂ ಅಂದಬಿಡ ಅಕ್ಕಾ. ನೀ ಎಂದ ಮಾತಾಡೀದಿ, ಇವತ್ತ ಮಾತಾಡಾಕ?” ಎಂದ.

ಜೀವನವೆಲ್ಲ ಸುಮ್ಮನಿದ್ದವಳನ್ನು ಅವರು ಕೇಳಿದ್ದು ಇನ್ನೊಂದಿಷ್ಟು ಸುಮ್ಮನಿರು ಎಂದಷ್ಟೇ. ಅವಳಿಗೆ ಅದು ಕಷ್ಟದ್ದೇನಲ್ಲ. ಹೂಂ ಅಂದರೆ ಕಲ್ಲು ಉಳಿಯುತ್ತಿದ್ದವು, ಹೂವು ಬೀಳುತ್ತಿದ್ದವು, ಊರು ಅವಳನ್ನು ಎದ್ದು ನಿಂತು ಮಾತಾಡಿಸುತ್ತಿತ್ತು. ಸಿಮೆಂಟಿನ ಕೆಳಗೆ ಹೋಗುತ್ತಿದ್ದದ್ದು ಮೂರು ಹೆಸರು ಮಾತ್ರ. ಆದರೆ ಅವಳ ಹತ್ತಿರ ಉಳಿದದ್ದೂ ಆ ಮೂರೇ. ಕಾಳ್ಯಾ ಬಸ್ಸಿನ ಹತ್ತಿರ ನಿಂತಿರುತ್ತಿದ್ದದ್ದು ಮೂರ್ಕಲ್ಲವ್ವನಾಗಿ ಅಲ್ಲ.

ಅವಳು ಕಂಬ ಬಿಟ್ಟು ಮುಂದೆ ಬಂದಳು.

“ಅಮಾತೆಪ್ಪ ಕಾಕಾ, ಕೆಂಪಿ ಕಾಲ ಮುರದಿದ್ದು ನಿಮ್ಮ ಕಲ್ಲು.”

“ಅದ್ಯಾಕ ಈಗ? ಬುತ್ತಿಗೆ ಬಾಯಿ ಹಾಕಿತ್ತು, ಒಗದೆ.”

“ಬಾಯಿ ಹಾಕಿದ್ದು ಖರೆ. ಕಳ್ಳೀನ ಆಕಿ. ನಾ ಇಲ್ಲಂದಿಲ್ಲ. ಇದ್ದಾಗ ಆಕಿಗೆ ಕಲ್ಲ ಒಗದ್ರಿ, ಈಗ ಆಕಿ ಕಲ್ಲಿಗೆ ಕಾಯಿ ಒಡೀತೀರಿ. ದೇವ್ರು ಅಂದ್ರ ಕೈ ಮುಗೀತೀರಿ, ನಾಯಿ ಅಂದ ಕೂಡ್ಲೆ ಕಿತ್ತ ಒಗೀತೀನಿ ಅಂತೀರಿ. ಅಷ್ಟರಾಗ ಕಲ್ಲ ಏನ್ ಬದಲಾತು?”

ಕಟ್ಟೆಯ ಕೊನೆಯಲ್ಲಿ ಕೂತ ಯಾರೋ ಕೆಮ್ಮಿದರು.

“ಮತ್ತ ಒಂದ ಕೇಳ್ತೀನ್ರಿ. ಕೊರಳಾಗ ಲಿಂಗ ಐತಿ ನಿಮಗೂ, ನನಗೂ. ಬದುವಿನ ಮ್ಯಾಲಿನ ಕಲ್ಲ ಯಾಕ ಬೇಕಾತ್ರಿ ನಿಮಗ? ಬೇಕಂದ್ರ ನಿಮ್ಮ ಹೊಲದಾಗ ಒಂದ ನೆಟಗೋರಿ. ನನ್ನ ಹೊಲದಾಗ ಇರೂದು ನಾಯಿ. ಹೆಸರಿನ ಮ್ಯಾಲೆ ಸಿಮೆಂಟ ಹಚ್ಚಾಕ ನಾ ಬಿಡಂಗಿಲ್ಲ. ಕಿತ್ರ ಮತ್ತ ನೆಡ್ತೀನಿ. ನನಗ ಕಲ್ಲಿಗೇನ ಕಡಿಮಿಲ್ಲ, ಕಲ್ಲಿನ ಫ್ಯಾಕ್ಟರ್ಯಾಗ ದುಡ್ಯಾಕಿ ನಾನು.”

ಇಷ್ಟು ಹೇಳಿ ಅವಳು ನಿಲ್ಲದೆ ಹೊರಟುಬಿಟ್ಟಳು. ಹಿಂದಿನಿಂದ ಶಿವಬಸವ್ವ ಗಂಡನಿಗೆ, “ಆಕೀಗೆ ಮಾತ ಬರಂಗಿಲ್ಲ ಅಂತ ನನಗ ಯಾರ ಹೇಳಿದ್ದು?” ಎಂದದ್ದು ಕೇಳಿಸಿತಂತೆ.

ಮರುದಿನ ಬೆಳಗ್ಗೆ ಬಸ್ಸಿಗೆ ಹೋಗುವಾಗ ಅವಳು ಹೊಲದ ಹತ್ತಿರ ನಿಂತಳು. ಮಬ್ಬು ಬೆಳಕಿನಲ್ಲೂ ಗೊತ್ತಾಯಿತು. ತಗಡು, ಕಂಬ, ಬಳೆ ಒಂದೂ ಇರಲಿಲ್ಲ. ಮೂರೂ ಕಲ್ಲನ್ನು ಕಿತ್ತು ದಾರಿ ಬದಿಯ ತಗ್ಗಿಗೆ ಉರುಳಿಸಿದ್ದರು. ಹಂಡ್ಯಾನ ಕಲ್ಲಿನ ಒಂದು ಮೂಲೆ ಹಾರಿಹೋಗಿತ್ತು. ಕಿತ್ತವರು ಯಾರು ಎಂದು ಅವಳು ಇಂದಿಗೂ ಕೇಳಿಲ್ಲ. ಅಂದು ಡ್ಯೂಟಿಗೆ ಹೋಗಲಿಲ್ಲ. ಮನೆಗೆ ತಿರುಗಿ ಬಂದು ಹಾರೆ, ಬುಟ್ಟಿ ತೆಗೆದುಕೊಂಡಳು.

ಮೊದಲ ಕಲ್ಲನ್ನು ತಗ್ಗಿನಿಂದ ಮೇಲಕ್ಕೆ ಹೊರಳಿಸುವಷ್ಟರಲ್ಲಿ ಬೆವತುಹೋದಳು. ಎರಡನೆಯದಕ್ಕೆ ಕೈ ಹಾಕಿದಾಗ ಆಚೆ ಬದಿಯಿಂದ ಇನ್ನೆರಡು ಕೈ ಬಂದವು. ಶಿವಪ್ರಕಾಶ.

“ಲಗೂ ಎತ್ತು, ಮಂದಿ ನೋಡ್ತಾರ,” ಎಂದ.

“ನೋಡ್ಲಿ.”

“ಹಂಡ್ಯಾ ಈ ಕಡೀಗೆ ಅಲ್ಲೇನು ಇದ್ದಿದ್ದು?”

“ನಿನಗ ನೆನಪೈತಿ?”

“ನನ್ನ ಚಪ್ಪಲಿ ಎಷ್ಟ ಜೋಡ ಕಡದಾನ ಅಂವ,” ಎಂದು ಗೊಣಗಿ, ಅವನು ಕಲ್ಲಿನ ಬುಡಕ್ಕೆ ಮಣ್ಣು ತುಳಿದ. ಹಿರಿಯರ ಬಾಜೂಕೆ ಕೂಡುವುದು ಇನ್ನು ಮುಗಿಯಿತೆಂದು ಅವನಿಗೂ ಗೊತ್ತಿತ್ತು.

ಬಿಸಿಲೇರಿದ ಮೇಲೆ ಶಿವಪ್ರಕಾಶ ಮನೆಗೆ ಹೋದ. ಸಿದ್ದಲಿಂಗವ್ವ ನೆರಳಿನಲ್ಲಿ ಕೂತಿದ್ದಾಗ ದಾರಿಯ ಮೇಲೆ ಇಬ್ಬರು ಹೆಂಗಸರು ಬಂದರು, ಅತ್ತೆ ಸೊಸೆ. ಬಾದಾಮಿಯ ಕಡೆಯವರು, ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಕಾಯಿ, ಊದಿನಕಡ್ಡಿ.

“ಮೂರ್ಕಲ್ಲವ್ವನ ಗುಡಿ ಎಲ್ಲೈತ್ರಿ?” ಎಂದು ಅತ್ತೆ ಕೇಳಿದಳು.

“ಗುಡಿ ಇಲ್ರಿ. ದೇವ್ರೂ ಇಲ್ಲ. ಇವು ನಮ್ಮ ನಾಯಿ ಹೂತ ಕಲ್ಲು. ಮಂದಿ ತಪ್ಪ ತಿಳದಾರ. ಬಿಸಲಾಗ ಬಂದೀರಿ, ಕುಂಡ್ರಿ, ನೀರ ಕುಡೀರಿ.”

ಸೊಸೆ ಸಿಡುಕಿನಿಂದ ಅತ್ತೆಯ ಮುಖ ನೋಡಿದಳು. ಅತ್ತೆ ಕೂತೇಬಿಟ್ಟಳು. ನೀರು ಕುಡಿದು, ಕಲ್ಲುಗಳನ್ನು ಸ್ವಲ್ಪ ಹೊತ್ತು ನೋಡಿದಳು.

“ಮುಧೋಳ ನಾಯಿ ಏನ್ರಿ?”

“ಅಲ್ಲರಿ. ಬೀದಿ ನಾಯಿ.”

“ನಮ್ಮಲ್ಲೂ ಒಂದಿತ್ತು. ಮೋತಿ ಅಂತ. ಹೋಗಿ ಆರ ವರ್ಷ ಆತು. ಎಲ್ಲಿ ಒಗದಾರ ಅಂತನೂ ನಮ್ಮ ಮನಿಯವ್ರು ನನಗ ಹೇಳ್ಲಿಲ್ಲ. ನಾಯಿಗೆ ಅಳ್ತಾರೇನ ಅಂತ ಬೈದ್ರು.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ನಿಮ್ಮದ್ರಾಗ ಭಾಳ ಕಿಡಿಗೇಡಿ ಯಾವ್ದು?”

ಸಿದ್ದಲಿಂಗವ್ವ ಕೆಂಪಿಯ ಕಥೆ ಹೇಳಿದಳು. ಕೆಂಪಿ ಮೂರು ಕಾಲಿನಲ್ಲಿ ಮಠದ ಪ್ರಸಾದದ ಬುಟ್ಟಿಗೇ ಬಾಯಿ ಹಾಕಿದ್ದನ್ನು ಹೇಳುವಾಗ ಸಿಡುಕಿನ ಸೊಸೆಗೂ ನಗು ಬಂತು. ದೇವರಿಗೆ ತಂದ ಕಾಯನ್ನು ವಾಪಸ್ ಒಯ್ಯುವುದು ಸರಿಯಲ್ಲ ಎಂದು ಅತ್ತೆ ಅದನ್ನು ಅಲ್ಲೇ ಹಾರೆಯ ಮೇಲೆ ಒಡೆದಳು. ಕಲ್ಲಿಗೆ ಏರಿಸಲಿಲ್ಲ. ಮೂವರೂ ಹಂಚಿಕೊಂಡು ತಿಂದರು. ಹೋಗುವಾಗ ಅತ್ತೆ, “ಹಿಂದ ಇನ್ನೂ ಮಂದಿ ಬರ್ತಾರವ್ವ. ನೀ ಎಷ್ಟ ಮಂದಿಗೆ ಬಾಯಿಲೆ ಹೇಳ್ತಿ?” ಎಂದಳು.

ಅದು ನಿಜ. ಅದೇ ವಾರ ಇನ್ನೂ ನಾಲ್ಕು ಗುಂಪು ಬಂದವು. ಒಬ್ಬರು ಅವಳು ಇಲ್ಲದಾಗ ಬಂದು ಮತ್ತೆ ಕುಂಕುಮ ಹಚ್ಚಿ ಹೋಗಿದ್ದರು. ಅಮಾತೆಪ್ಪ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ಶಿವಬಸವ್ವ ಮಾತ್ರ ಒಮ್ಮೆ ನಿಂತು, ಕೋರ್ಟಿನ ಕೆಲಸ ಹಾಗಾದರೆ ಯಾರಿಂದ ಆಯಿತು ಎಂದು ಕೇಳಿದಳು. ನಿಮ್ಮ ವಕೀಲನನ್ನು ಕೇಳಿರಿ ಎಂದು ಸಿದ್ದಲಿಂಗವ್ವ ಹೇಳಿದಳು.

ಬರುವ ಸೋಮವಾರ ಅವಳಿಗೆ ರಜೆ ಇದೆ. ಮುಜಮ್ಮಿಲನಿಗೆ ಹೇಳಿ ಬಂದಿದ್ದಾಳೆ, ಅವನು ಉಳಿ ಸುತ್ತಿಗೆ ತೆಗೆದುಕೊಂಡು ಮೋಟಾರ್ ಸೈಕಲ್ಲಿನ ಮೇಲೆ ಹೊಲಕ್ಕೇ ಬರುತ್ತಾನೆ. ದಾರಿಯ ಕಡೆಗಿರುವ ಒರಟು ಬೆನ್ನಿನ ಮೇಲೆ ಮೂರೂ ಹೆಸರನ್ನು ದೊಡ್ಡ ಅಕ್ಷರದಲ್ಲಿ ಇನ್ನೊಮ್ಮೆ ಬರೆಸಿ, ಒಂದೊಂದರ ಕೆಳಗೂ ‘ನಾಯಿ, ದೇವರಲ್ಲ’ ಎಂದು ಕೆತ್ತಿಸುತ್ತಾಳೆ.